ನನ್ನನ್ನು ಕೇಳದೆ ಹಿಡಿದ ವ್ರತ

ಆರಗ, ತಾ. ಮಿರಜ
೧೨ ಡಿಸೆಂಬರ್ ೨೦೨೪

ಮೃಣಾಲಳ ಅಪ್ಪಾ ಅವರಿಗೆ ತ್ರಿಶಲಾಳ ಜಯ ಜಿನೇಂದ್ರ.

ಆರೋಗ್ಯವಾಗಿದ್ದೀರಾ? ಮುನಿ ಮಹಾರಾಜರ ಸಂಘದ ಜೊತೆ ಬರಿಗಾಲಲ್ಲಿ ನಡೆಯುತ್ತಿದ್ದೀರಿ, ಹಿಮ್ಮಡಿ ಒಡೆದಿರಬೇಕು. ಕೊಬ್ಬರಿ ಎಣ್ಣೆ ಕಳಿಸಿದ್ದೇನೆ. ನೀವು ಫೋನು ಮನೆಯಲ್ಲೇ ಬಿಟ್ಟು ಹೋದದ್ದರಿಂದ ಇಪ್ಪತ್ತು ವರ್ಷಗಳ ಮೇಲೆ ನಿಮಗೆ ಪತ್ರ ಬರೆಯುವ ಯೋಗ ಬಂತು. ನಿಮ್ಮ ಅವ್ವನವರು ಗಟ್ಟಿಯಾಗಿದ್ದಾರೆ. ನನ್ನ ಮುಟ್ಟು ನಿಂತದ್ದು ಅವರಿಗೊಂದು ಹಬ್ಬ. “ಕರೆಂಟ ಕೊಟ್ಟದ್ದು ಚಲೋನ ಆತ ನೋಡು, ಇನ್ನ ಹೊರಗ ಕುಂದ್ರೂ ಕಾಟಿಲ್ಲ, ದಿನಾ ಅಡಿಗಿ ಮಾಡಬಹುದು” ಎನ್ನುತ್ತಾರೆ. ಗರ್ಭಕಂಠದ ಕ್ಯಾನ್ಸರಿನಿಂದ, ಅದಕ್ಕೆ ಕೊಟ್ಟ ರೇಡಿಯೇಷನ್ ಕರೆಂಟಿನಿಂದ, ಅಡುಗೆಮನೆಗೆ ಇಷ್ಟು ಲಾಭವಿದೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ನನ್ನ ಆರೋಗ್ಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈಯೊಳಗೆ ಆಗಾಗ ಬೆಂಕಿ ಏಳುತ್ತದೆ. ಈ ಚಳಿಯಲ್ಲೂ ಹೊದಿಕೆ ಒದೆಯುತ್ತೇನೆ. ಮೂತ್ರ ತಡೆಯಲು ಆಗುವುದಿಲ್ಲ. ಮಿರಜಿನ ದಾರಿಯಲ್ಲಿ ಬಾಗಿಲಿರುವ ಶೌಚಾಲಯ ಎಲ್ಲೆಲ್ಲಿದೆ ಎಂದು ಬಸ್ಸಿನ ಕಂಡಕ್ಟರನೇ ನನ್ನನ್ನು ಕೇಳಬೇಕು. ಆದರೆ ರೋಗ ಹೋಗಿದೆ.

ಡಾಕ್ಟರಮ್ಮ ಆ ಪ್ಲಾಸ್ಟಿಕ್ ನಳಿಕೆ ಕೊಟ್ಟಾಗ ನೀವೂ ಪಕ್ಕದಲ್ಲಿದ್ದಿರಿ. ಕರೆಂಟಿನಿಂದ ಒಳದಾರಿ ಮುಚ್ಚಿಕೊಳ್ಳುತ್ತದೆ, ವಾರಕ್ಕೆ ಮೂರು ಸಲ ಇದನ್ನು ಬಳಸಿದರೆ ತೆರೆದಿರುತ್ತದೆ ಎಂದರು. ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಚತುರ್ದಶಿ ಹುಡುಕುತ್ತಿದ್ದಿರಿ. ಎಂಟು ತಿಂಗಳು ಚಿಲಕ ಹಾಕಿ, ಸೆರಗು ಕಚ್ಚಿ ಬಳಸಿದೆ. ನನ್ನೊಬ್ಬಳಿಗಾಗಿ ಆಗಿದ್ದರೆ ಎರಡನೆಯ ವಾರಕ್ಕೇ ಎಸೆಯುತ್ತಿದ್ದೆ. ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ, ಇನ್ನು ಗಂಡ ಹೆಂಡತಿ ಮೊದಲಿನಂತೆ ಇರಬಹುದು ಎಂದರು. ಬಸ್ಸಿನಲ್ಲಿ ಮೆಲ್ಲಗೆ ನಿಮ್ಮ ಕಿವಿಗೆ ಹಾಕಿದೆ. ನೀವು ಕೇಳಿದ್ದು ಒಂದೇ: “ನನಗ ತಗಲೂದಿಲ್ಲಲ್ಲ?” ಕ್ಯಾನ್ಸರು ತಗಲುವ ರೋಗವಲ್ಲ ಎಂದೆ. ಊರು ಬರುವತನಕ ನೀವು ಕಿಟಕಿಯಾಚೆಯ ದ್ರಾಕ್ಷಿ ತೋಟಗಳನ್ನೇ ನೋಡಿದಿರಿ.

ಹದಿನೈದು ದಿನಕ್ಕೆ, ಮಹಾರಾಜರ ತುಂಬಿದ ಸಭೆಯಲ್ಲಿ ಎದ್ದು, ಆಜೀವ ಬ್ರಹ್ಮಚರ್ಯ ವ್ರತ ಹಿಡಿದಿರಿ. ಎರಡು ತಾಸು ಒಂದೇ ಕಡೆ ಕೂತಿರಲಾಗದ ನಾನು ಮನೆಯಲ್ಲಿದ್ದೆ. ನಿಮಗೆ ಶಾಲು ಹೊದಿಸಿದರು. ಓಣಿಯವರು ಬಂದು “ಪುಣ್ಯೇವಂತಿ ಇದ್ದೀಯವ್ವಾ” ಎಂದರು. ರೋಗ ನನ್ನದು, ತ್ಯಾಗ ನಿಮ್ಮದು. ಶಾಲೂ ನಿಮ್ಮ ಪಾಲು. ನನ್ನ ಪ್ರಾಸದ ಹುಚ್ಚು ನಿಮಗೆ ಗೊತ್ತಿದ್ದದ್ದೇ. ಆದರೂ, ಅಂಜಿದ ಮನುಷ್ಯ ಅಂಜಿಕೆಗೆ ವ್ರತದ ಹೊದಿಕೆ ಹಾಕಿಕೊಂಡ ಎಂದು ಮನಸ್ಸಿನಲ್ಲೇ ಕ್ಷಮಿಸಿದ್ದೆ.

ಮೊನ್ನೆ ಮೃಣಾಲ ಆ ದಿನದ ವಿಡಿಯೋ ತೋರಿಸಿದಳು. ಮಹಾರಾಜರು ಕೇಳಬೇಕಾದದ್ದನ್ನೇ ಕೇಳುತ್ತಾರೆ: “ಮನ್ಯಾಗ ಕೇಳೀರೇನು?” ನೀವು ಕೈಮುಗಿದು, “ಆಕೀನ ಹೇಳ್ಯಾಳ್ರಿ. ಆಕೀಗೇ ಬ್ಯಾಡಾಗೇದರಿ” ಎನ್ನುತ್ತೀರಿ. ಜನ ಚಪ್ಪಾಳೆ ತಟ್ಟುತ್ತಾರೆ. ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ನೀವು ಅದನ್ನೇ ಹೇಳಿದಿರಿ.

ವ್ರತ ಮುರಿಯಿರಿ ಎಂದು ಬೇಡುವವಳು ನಾನಲ್ಲ. ಬೇಡವಾದದ್ದು ನಿಮಗೆ ಎಂದು ಒಂದು ಸಲ, ನನ್ನ ಮುಂದೆ, ಹೇಳಿದ್ದರೆ ಅತ್ತು ಎದ್ದುಬಿಡುತ್ತಿದ್ದೆ.

ಕಾಲು ಜೋಪಾನ. ಎಣ್ಣೆ ಹಚ್ಚಿಕೊಂಡು ಮಲಗಿರಿ.

‘ನಿಮ್ಮವಳು’ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ,
ತ್ರಿಶಲಾ

ತಾ.ಕ.: ಸಂಘಕ್ಕೆ ಸಾಮಾನು ಒಯ್ಯುವ ಅಮರಣ್ಣನ ಜೀಪು ಬಾಗಿಲಲ್ಲಿ ನಿಂತಿದೆ, ಅವಸರ. ಅವರ ಕೈಯಲ್ಲಿ ಇನ್ನೊಂದು ಲಕೋಟೆ ಕೊಟ್ಟಿದ್ದೇನೆ, ಅದು ಮಹಾರಾಜರಿಗೆ. ಒಳಗೆ ಒಂದೇ ಸಾಲಿದೆ: ನನ್ನನ್ನು ಯಾರೂ ಕೇಳಿಲ್ಲ. ಅವರು ನಿಮ್ಮನ್ನು ಕರೆಸಿದರೆ, ಈ ಸಲ ನಿಮ್ಮ ಉತ್ತರವನ್ನಷ್ಟೇ ಹೇಳಿರಿ.