ಪಠ್ಯಕ್ರಮದಲ್ಲಿ ಒಂದು ಲೋಟ ಚಹಾ

ಸರಸ್ವತಿ ನಗರ, ದಾವಣಗೆರೆ
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ರೇಖಾ,

ಸೊಂಟ ನೋವು ಹೇಗಿದೆ? ಬ್ಯಾಂಕಿನಲ್ಲಿ ಕುರ್ಚಿ ಬದಲಿಸಿ ಕೊಡುತ್ತೇವೆ ಎಂದಿದ್ದರಲ್ಲ, ಕೊಟ್ಟರೋ, ಇನ್ನೂ ಬೆನ್ನಿಗೆ ದಿಂಬು ಇಟ್ಟುಕೊಂಡೇ ಕೂರುತ್ತಿದ್ದೀಯೋ? ಚಿನ್ನಿಯ ಕೆಮ್ಮು ಕಡಿಮೆಯಾಗಿದೆ ಎಂದು ದುರುಗೇಶ್ ಮೆಸೇಜ್ ಕಳಿಸಿದ್ದರು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವ್ವನ ಬಿಪಿ ಹತೋಟಿಯಲ್ಲಿದೆ, ಬಾಯಿ ಇಲ್ಲ. ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಫೋನ್ ಮಾಡಿದರೆ ಅವ್ವ ಸ್ಪೀಕರ್ ಹಾಕು ಎನ್ನುತ್ತಾಳೆ. ಸ್ಪೀಕರ್ ಹಾಕಿದ ಮೇಲೆ ಹೊಸಪೇಟೆಯ ಬಿಸಿಲು ಹೆಚ್ಚೋ ದಾವಣಗೆರೆಯದು ಹೆಚ್ಚೋ ಎಂದು ಮೂವರೂ ಮಾತಾಡಿ ಇಡುತ್ತೇವೆ. ನೀನು ದುರುಗೇಶ್ ಅವರನ್ನು ಮದುವೆಯಾದಾಗಿನಿಂದ ಹಾಗೇ ನಡೆದಿದೆ. ಯಾರಿಗೂ ಅದರಿಂದ ನೋವಾಗಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಇದು ಬಿಸಿಲಿನ ಸುದ್ದಿಯಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನಲ್ಲಿ ಬರುವ ವರ್ಷದಿಂದ ಮಾನಸಿಕ ಆರೋಗ್ಯದ ಆಪ್ತಸಮಾಲೋಚನೆಯಲ್ಲಿ ಎಂ.ಎಸ್ಸಿ. ತೆಗೆಯಬೇಕೆಂದಿರುವುದು ನಿನಗೆ ಗೊತ್ತು. ಎರಡು ವರ್ಷದ ಕೋರ್ಸು. ಪಠ್ಯಕ್ರಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಜ ಹೇಳಬೇಕೆಂದರೆ ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಜನರ ಸಂಕಟವನ್ನು ಪತ್ರಿಕೆಗಳಾಗಿ, ಘಟಕಗಳಾಗಿ ವಿಂಗಡಿಸುತ್ತ ಕೂರುವುದರಲ್ಲಿ ಒಂದು ನೆಮ್ಮದಿ ಇದೆ. ಬೀರುವಿನಲ್ಲಿ ಬಟ್ಟೆ ಮಡಚಿಟ್ಟ ಹಾಗೆ. ಸಾವಿನ ದುಃಖಕ್ಕೆ ನಾಲ್ಕು ಕ್ರೆಡಿಟ್, ಕುಡಿತಕ್ಕೆ ನಾಲ್ಕು, ಗಂಡ ಹೆಂಡಿರ ಜಗಳಕ್ಕೆ ಮೂರು. ಹರಿಹರದಲ್ಲಿ ಸಮಾಲೋಚನಾ ಕೇಂದ್ರ ನಡೆಸುವ ಫಿರ್ದೌಸ್ ಮೇಡಂ ನಮ್ಮ ಸಮಿತಿಯಲ್ಲಿದ್ದಾರೆ. "ಮೂರು ಎಲ್ಲಿ ಸಾಲತ್ತೆ ಸರ್? ನಮ್ಮ ಮನೆಯೋರೊಬ್ಬರಿಗೇ ಆರು ಬೇಕು" ಎಂದರು. ಅವರು ಹೇಳುವ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ಕೇಂದ್ರಕ್ಕೆ ಯಾರೂ ಒಬ್ಬರೇ ಬರುವುದಿಲ್ಲವಂತೆ. ಅತ್ತೆ, ಮೈದುನ, ಪಕ್ಕದ ಮನೆಯವಳು ಎಲ್ಲರೂ ಒಂದೇ ಆಟೋದಲ್ಲಿ ಬಂದು, ಒಬ್ಬರನ್ನು ಮುಂದೆ ತಳ್ಳಿ, "ಇವನಿಗೆ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ" ಎನ್ನುತ್ತಾರಂತೆ. ಪ್ರಿನ್ಸಿಪಾಲ್ ಕಾಂತರಾಜ್ ಅವರಿಗೆ ಇದಾವುದೂ ಬೇಡ. ಅವರು ಕಾಮರ್ಸಿನವರು. "ಫೈಲು ವಾಪಸ್ ಬರಬಾರ್ದು ನೋಡ್ರಿ, ಅಷ್ಟೇ ನನಗೆ ಬೇಕಾಗಿದ್ದು" ಎನ್ನುತ್ತಾರೆ.

ನಾನು ತೀರಾ ಎಚ್ಚರದಿಂದ ಬರೆದದ್ದು ವೃತ್ತಿಯ ನಿಯಮಗಳ ಭಾಗವನ್ನು. ನೆರವಿಗೆ ಬಂದವರಿಂದ ಸಮಾಲೋಚಕ ಏನನ್ನೂ ತೆಗೆದುಕೊಳ್ಳಬಾರದು. ಉಡುಗೊರೆ, ಹಣ್ಣು, ಊಟ, ಚಹಾ, ಯಾವುದೂ ಸಲ್ಲದು. ಇಬ್ಬರ ನಡುವೆ ಒಂದು ಅಂತರ ಇರಬೇಕು, ಆ ಅಂತರವೇ ಔಷಧಿ ಎಂದು ಬರೆದೆ. ಆ ವಾಕ್ಯ ನನಗೆ ಬಹಳ ಹಿಡಿಸಿತು. ಅಂತರ ಎಂಬುದು ನನಗೆ ಓದದೆಯೇ ಬರುವ ವಿಷಯ ಎಂದು ನೀನು ಹೇಳುತ್ತೀಯ, ಹೇಳು.

ಕರಡು ಕಳಿಸುವ ಮುಂಚೆ ಮನೆ ಭೇಟಿಯ ಭಾಗವನ್ನು ಒಮ್ಮೆ ಮಾಡಿ ನೋಡೋಣ ಎಂದು ಈಗ ಸೈಕಾಲಜಿ ಎಂ.ಎ. ಓದುತ್ತಿರುವವರನ್ನು ಫಿರ್ದೌಸ್ ಮೇಡಂ ಕೈಕೆಳಗೆ ಹರಿಹರಕ್ಕೆ ಕಳಿಸಿದೆವು. ಅವರಲ್ಲಿ ಕರಿಬಸವರಾಜ ಎಂಬ ಹುಡುಗನಿದ್ದಾನೆ. ಹೇಳಿದ್ದನ್ನು ಅಕ್ಷರ ಬಿಡದೆ ಮಾಡುವವನು. ಅವನ ಪಾಲಿಗೆ ಬಂದ ಹೆಂಗಸನ್ನು ರಂಗವ್ವ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ. ಹೆಸರು ಹೇಳಬಾರದೆಂಬ ನಿಯಮವನ್ನೂ ನಾನೇ ಬರೆದಿದ್ದೇನೆ, ಅದು ಮಾತ್ರ ಒಳ್ಳೆಯ ನಿಯಮ. ರಂಗವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಕಳೆದ ಮಳೆಗಾಲದಲ್ಲಿ ಗಂಡ ರಸ್ತೆ ಅಪಘಾತದಲ್ಲಿ ಹೋದ. ಅಂದಿನಿಂದ ಆಕೆ ಒಲೆಯ ಹತ್ತಿರ ಹೋಗಿಲ್ಲ, ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ವಯಸ್ಸಾದ ಅತ್ತೆಯೇ ಬೇಯಿಸಿ ಹಾಕುತ್ತಾಳೆ. ಮಾತು ಕೂಡ ಹೆಚ್ಚುಕಡಿಮೆ ನಿಂತಿತ್ತು. ಹೀಗೇ ಬಿಟ್ಟರೆ ಈ ಹೆಂಗಸು ನಮ್ಮ ಕೈಗೆ ದಕ್ಕುವುದಿಲ್ಲ ಎಂದು ಫಿರ್ದೌಸ್ ಮೇಡಂ ಹೆದರಿದ್ದರು. ಕರಿಬಸವರಾಜ ಹೋಗಿ ಹೋಗಿ ಎದುರು ಕೂತು ಬರುತ್ತಿದ್ದ. ಆಕೆ ಗೋಡೆ ನೋಡುತ್ತಿದ್ದಳು.

ಒಂದು ದಿನ ಅವನು ಕೂತಿರುವಾಗಲೇ ರಂಗವ್ವ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸ್ಟೀಲ್ ಲೋಟದಲ್ಲಿ ಚಹಾ ತಂದು ಅವನ ಮುಂದೆ ಹಿಡಿದಳು. ಅವನು ಕೈಮುಗಿದು, "ಬ್ಯಾಡ್ರವ್ವ, ನಾವು ಏನೂ ತಗಳಂಗಿಲ್ಲ" ಎಂದ.

ರಂಗವ್ವನವರದು ದಲಿತ ಕೇರಿ. ಕರಿಬಸವರಾಜನ ಹೆಸರು ಕೇಳಿದರೆ ಸಾಕು, ಆ ಕೇರಿಯಲ್ಲಿ ಅವನ ಜಾತಿಯನ್ನು ಯಾರೂ ವಿಚಾರಿಸಬೇಕಾಗಿಲ್ಲ. "ನಾವು ತಗಳಂಗಿಲ್ಲ" ಎಂಬ ಮಾತನ್ನು ಅವರು ತಲೆತಲಾಂತರದಿಂದ ಕೇಳಿದ್ದಾರೆ. ಅವನು ಬರೆದುಕೊಟ್ಟ ವರದಿ ನನ್ನ ಮೇಜಿಗೆ ಬಂತು. ಮೊದಲ ಪುಟದಲ್ಲಿ, ಗಂಡ ಸತ್ತಾಗಿನಿಂದ ಒಲೆ ಹಚ್ಚಿಲ್ಲ ಎಂದಿತ್ತು. ಕೊನೆಯ ಪುಟದಲ್ಲಿ, ಚಹಾ ನೀಡಿದರು, ನಿಯಮದಂತೆ ನಿರಾಕರಿಸಲಾಯಿತು ಎಂದಿತ್ತು. ಎರಡನ್ನೂ ಓದಿದೆ. ಎರಡನ್ನೂ ಸೇರಿಸಿ ಓದಲಿಲ್ಲ. ಕೆಳಗೆ 'ಉತ್ತಮ' ಎಂದು ಬರೆದು ಸಹಿ ಮಾಡಿದೆ.

ಮುಂದಿನ ಸಲ ಅವನು ಹೋದಾಗ ಬಾಗಿಲು ತೆರೆಯಲಿಲ್ಲ. ಅತ್ತೆ ಸಂತೆಯಲ್ಲಿ ಫಿರ್ದೌಸ್ ಮೇಡಂಗೆ ಸಿಕ್ಕು, ತರಕಾರಿ ಚೀಲ ಕೆಳಗಿಟ್ಟು ಜಗಳಕ್ಕೇ ನಿಂತಳಂತೆ. "ನಮ್ಮ ಮನೀದು ಆಗಾಕಿಲ್ಲ ಅಂದ್ರೆ ಮೊದ್ಲೇ ಹೇಳಬೇಕಿತ್ತು ಮೇಡಮ್ಮ. ಮಾತು ಆಕ್ಕಾವು, ಚಾ ಆಗಂಗಿಲ್ಲೇನು? ಎಷ್ಟು ತಿಂಗಳಿಗೆ ಎದ್ದು ಒಲಿ ಹಚ್ಚಿದ್ಲು ನನ್ನ ಸೊಸಿ. ಆ ಚಾನ ಬಚ್ಚಲಿಗೆ ಸುರುವಿ ಬಂದು ಮಲಗಿದಾಕಿ ಮತ್ತೆ ಎದ್ದಿಲ್ಲ." ಮೇಡಂ ನನಗೆ ಫೋನ್ ಮಾಡಿ ಇದನ್ನು ಹಾಗೆಯೇ ಒಪ್ಪಿಸಿದರು. ಆಮೇಲೆ, "ಸರ್, ನಿಮ್ಮ ಅಂತರ ಚೆನ್ನಾಗಿ ಕೆಲಸ ಮಾಡೈತೆ" ಎಂದು ಇಟ್ಟುಬಿಟ್ಟರು.

ಮಾರನೆಯ ದಿನವೇ ನಾನು, ಮೇಡಂ, ಕರಿಬಸವರಾಜ ಮೂವರೂ ಆ ಮನೆಗೆ ಹೋದೆವು. ಅತ್ತೆ "ಕೂಡ್ರಿ" ಎಂದಳು. ಒಳಬಾಗಿಲಿನ ಸಂದಿಯಲ್ಲಿ ರಂಗವ್ವನ ಸೀರೆಯ ಅಂಚು ಕಾಣುತ್ತಿತ್ತು. ನಾವು ಬಂದಿದ್ದು ಚಹಾ ಕುಡಿಯುವುದಕ್ಕೆ. ಆದರೆ ಕೊಡದ ಚಹಾವನ್ನು ಕೇಳಿ ಕುಡಿಯುವುದು ಹೇಗೆ? ಬೇಡ ಎನ್ನುವುದಕ್ಕೆ ನಿಯಮ ಬರೆಯಬಹುದು, ಕೊಡಿ ಎನ್ನುವುದಕ್ಕೆ ಬರೆಯಲು ಬರುವುದಿಲ್ಲ. ಕೊನೆಗೆ ಕರಿಬಸವರಾಜನೇ ಬಾಯಿಬಿಟ್ಟ. "ಅಜ್ಜೀ, ನಾನು ಹಂಗಂದಿದ್ದು ಜಾತಿ ನೋಡಿ ಅಲ್ಲ. ಯಾರ ಮನ್ಯಾಗೂ ಏನೂ ಕುಡಿಬಾರ್ದು ಅಂತ ನಮ್ಮ ಸಿಲಬಸ್‌ನಾಗೆ ಐತೆ. ಇಗಾ, ಇವರೇ ಬರದಿದ್ದು." ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೇನಪ್ಪಾ ಬರದೋನು? ಯಾರ ಮನೀಗಾನ ಹೋಗಿ ಬಂದು ರೂಢಿ ಐತೋ ಇಲ್ಲೋ?"

"ಕಡಿಮೆ, ಅಜ್ಜಿ" ಎಂದೆ.

"ಅದಕ್ಕೇ ಮತ್ತೆ" ಎಂದಳು. ಫಿರ್ದೌಸ್ ಮೇಡಂ ದುಪಟ್ಟಾ ಬಾಯಿಗೆ ಹಿಡಿದರು, ಆದರೂ ನಗು ಕೇಳಿಸಿತು. "ನೀರಿಗೇನು ಬರದೀಯ?"

"ನೀರಿಗೆ ಏನೂ ಬರೆದಿಲ್ಲ."

"ಹಂಗಾರೆ ಕುಡಿ" ಎಂದು ಚೊಂಬು ತಂದಿಟ್ಟಳು. ಮೂವರೂ ಕುಡಿದೆವು. ಒಳಗೆ ಒಲೆ ಹತ್ತಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಕರಿಬಸವರಾಜ, "ಸರ್, ಅವತ್ತು ನನಗೂ ಕುಡೀಬೇಕು ಅಂತಾನೇ ಇತ್ತು. ನಿಮ್ಮ ಮಾರ್ಕ್ಸಿಗೆ ಹೆದರಿದೆ" ಎಂದ. ನಾನು ಬಸ್ ಹತ್ತಿ ಕೂತೆ. ದಾವಣಗೆರೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೊರಗೆ ನೋಡುವುದು ನಾನು ಚೆನ್ನಾಗಿ ಬಲ್ಲ ಇನ್ನೊಂದು ವಿದ್ಯೆ.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಮೊನ್ನೆ ಗುರುವಾರ ಮೇಡಂ ಕೇಂದ್ರದಲ್ಲಿ ನಾವು ಮೂವರೂ ಕಾಗದಪತ್ರ ಹರಡಿಕೊಂಡು ಕೂತಿದ್ದಾಗ ರಂಗವ್ವ ಬಂದಳು. ಒಬ್ಬಳೇ. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಫ್ಲಾಸ್ಕ್, ಲೋಟಗಳು. ಯಾರನ್ನೂ ಕೇಳದೆ ಚಹಾ ಬಗ್ಗಿಸಿ ಮೊದಲು ಕರಿಬಸವರಾಜನ ಮುಂದೆ ಇಟ್ಟು, ಅವನು ಕುಡಿದು ಮುಗಿಸುವವರೆಗೂ ನಿಂತೇ ನೋಡಿದಳು. "ಸಕ್ಕರಿ ಹೆಚ್ಚಾಗೈತಾ?" ಎಂದಳು. "ಇಲ್ಲವ್ವ, ಸರಿ ಐತೆ" ಎಂದ. "ಸುಳ್ಳು ಹೇಳಬ್ಯಾಡ. ಕೈ ತಪ್ಪೈತೆ ನನಗೆ" ಎಂದಳು. ನಿಜಕ್ಕೂ ಪಾಯಸದಷ್ಟು ಸಿಹಿ ಇತ್ತು. ನಾನು ಪೂರ್ತಿ ಕುಡಿದೆ. ಆಮೇಲೆ ನಾನು, ಮೇಡಂ ಎದ್ದು ಹೊರಗೆ ಹೋದೆವು. ಆಕೆ ಅವನ ಎದುರು ಕೂತು ಮಾತಾಡಿದಳು. ಏನು ಮಾತಾಡಿದಳು ಎಂಬುದು ನನ್ನ ಸುದ್ದಿಯಲ್ಲ. ಬಹಳ ಹೊತ್ತು ಮಾತಾಡಿದಳು ಎಂಬುದಷ್ಟೇ ನನ್ನದು.

ಶುಕ್ರವಾರದ ಸಭೆಯಲ್ಲಿ ನಿಯಮ ತಿದ್ದಿದೆ. ಉಡುಗೊರೆ, ಹಣ ಬೇಡ ಎಂಬುದು ಹಾಗೇ ಇದೆ. ಮನೆಗೆ ಹೋದಾಗ ಕುಡಿಯಲು ಕೊಟ್ಟದ್ದನ್ನು ಕುಡಿಯಬೇಕು ಎಂದು ಸೇರಿಸಿದೆ. ಕಾಂತರಾಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ ಮಾಲತೇಶ್, ಯೂನಿವರ್ಸಿಟಿಗೆ ಕಳಿಸೋ ಸಿಲಬಸ್‌ನಾಗೆ ಚಾ ಕುಡೀರಿ ಅಂತ ಬರೀತಾರೇನ್ರೀ? ನಾಳೆ ಮಂಡಕ್ಕಿ ಮಿರ್ಚಿಗೂ ಒಂದು ಯೂನಿಟ್ ಇಡ್ತೀರೇನು?" ಫಿರ್ದೌಸ್ ಮೇಡಂ, "ಇಟ್ರೆ ಅಡ್ಮಿಶನ್ ಜಾಸ್ತಿ ಆಗ್ತಾವೆ ಸರ್" ಎಂದರು. ಎಲ್ಲರೂ ನಕ್ಕರು, ನಕ್ಕ ಮೇಲೆ ಸಹಿ ಹಾಕಿದರು. ಫೈಲು ವಾಪಸ್ ಬರಬಹುದು. ಬಂದರೆ ಮತ್ತೆ ಅದನ್ನೇ ಬರೆದು ಕಳಿಸುತ್ತೇನೆ. ಇಂಥ ಹಟ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ; ಹಿತವಾಗಿದೆ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನೆಲ್ಲ ಅವ್ವನಿಗೆ ಹೇಳಿದೆ, ಹೆಸರು ಬಿಟ್ಟು. ಅವಳು ರೊಟ್ಟಿ ಮುರಿಯುತ್ತ, "ಎಂಥ ಹುಡುಗನೋ ಅವನು! ಮನೆಯೋರು ಕೈಯಾರೆ ಮಾಡಿಕೊಟ್ಟಿದ್ದು ಬ್ಯಾಡ ಅಂದ್ರೆ ಅವರಿಗೆ ಹೆಂಗಾಗಬ್ಯಾಡ?" ಎಂದಳು. ಅಂದವಳೇ ಕೈ ನಿಲ್ಲಿಸಿದಳು. ನಿಮ್ಮ ಗೃಹಪ್ರವೇಶದ ದಿನ ಅವ್ವ ಉಪವಾಸ ಎಂದು ನಿಮ್ಮನೆಯಲ್ಲಿ ಏನನ್ನೂ ಮುಟ್ಟದೆ ಬಂದಿದ್ದಳಲ್ಲ. ಅವಳು ಉಪವಾಸ ಮಾಡುವುದು ಸೋಮವಾರ. ಅವತ್ತು ಬುಧವಾರ. ದುರುಗೇಶ್ ಅವರ ಜಾತಿಯನ್ನು ಅವಳು ಬಾಯಿಬಿಟ್ಟು ಎಂದೂ ಆಡಿಲ್ಲ, ಬುಧವಾರದ ಉಪವಾಸವೇ ಆಡಿತು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಠ್ಯಕ್ರಮದಲ್ಲಿ ಸುಮ್ಮನಿರುವುದಕ್ಕೂ ಒಂದು ಘಟಕ ಇಟ್ಟಿದ್ದೇನೆ, ಎರಡನೆಯ ಸೆಮಿಸ್ಟರಿನಲ್ಲಿ. ಅವ್ವ ಉಳಿದ ರೊಟ್ಟಿ ತಟ್ಟೆಯಲ್ಲಿಟ್ಟು "ಮಜ್ಜಿಗೆ ಹಾಕ್ಲೇನು?" ಎಂದಳು. ಹಾಕು ಎಂದೆ.

ಇಷ್ಟೇ ಸುದ್ದಿ. ದುರುಗೇಶ್ ಅವರಿಗೆ ನಮಸ್ಕಾರ ಹೇಳು. ಚಿನ್ನಿಗೆ ಮಾವನ ಮುದ್ದು. ಕುರ್ಚಿ ಕೊಡದಿದ್ದರೆ ಮ್ಯಾನೇಜರ್ ಹತ್ತಿರ ಜಗಳ ಮಾಡು, ನಿನಗೆ ಬರುತ್ತದೆ. ಸುಖವಾಗಿರಿ.

ನಿನ್ನ ಅಣ್ಣ,
ಮಾಲತೇಶ

ಮತ್ತೆ: ಲಕೋಟೆ ಅಂಟಿಸುತ್ತಿದ್ದಾಗ ಅವ್ವ ಬಂದು ಯಾರಿಗೆ ಎಂದು ಕೇಳಿದಳು. ನಿನಗೆ ಎಂದೆ. ಬಾಗಿಲಲ್ಲೇ ನಿಂತು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. "ಮುಂದಿನ ಭಾನುವಾರ ನಾವಿಬ್ಬರೂ ಬರ್ತೀವಿ ಅಂತ ಬರಿ. ಅವತ್ತು ನಾನು ಉಪಾಸ ಅಂದಿದ್ದಕ್ಕೆ ಅವನು ಬಿಸಿಲಾಗೆ ಅಂಗಡಿಗೆ ಓಡಿ ಸೀಲ್ ಒಡಿಯದ ನೀರಿನ ಬಾಟ್ಲಿ ತಂದು ನನ್ನ ಕೈಗೆ ಕೊಟ್ಟಿದ್ದ. ಅದೊಂದನ್ನ ಕುಡಿದೆ. ಈ ಸಲ ಓಡಬ್ಯಾಡ ಅನ್ನು ನನ್ನ ಅಳಿಯಗೆ." ಚಹಾದ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನೀನೂ ಕೇಳಬೇಡ. ಸುಮ್ಮನೆ ಮಾಡಿ ತಂದು ಮುಂದೆ ಇಡು.