ಎರಡನೆಯ ಸೀಲೂ ಕೂತಿದೆ, ಮಾವ

ಮಾವ,

ಲೈಬ್ರರಿ ಬಾಗಿಲು ತೆಗೆಯುವ ಹೊತ್ತಾಯಿತು, ಹೊರಟೆ. ನೀವಿನ್ನೂ ಎದ್ದಿಲ್ಲ. ನಿನ್ನೆ ಸಂಜೆ "ಕೈ ನಡುಗೋನಿಗೆ ಇಂಜಿನ್ ಯಾಕಮ್ಮ?" ಅಂತ ಸ್ಪ್ಯಾನರ್ ಎಸೆದು ಒಳಗೆ ಹೋದಿರಲ್ಲ, ನನಗೂ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಬೆಳಿಗ್ಗೆ ಬೇಗ ಎದ್ದು ನಮ್ಮ ಕಾರಿನ ಎರಡನೆಯ ಕ್ಯಾಮ್‌ಶಾಫ್ಟಿನಿಂದ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನೂ ಬದಲಾಯಿಸಿಬಿಟ್ಟೆ. ಮೊದಲನೆಯದಕ್ಕೆ ನೀವು ಹೇಳಿಕೊಟ್ಟ ಹಾಗೆಯೇ ಶಾಫ್ಟಿಗೆ ಗೀರು ಬೀಳದಂತೆ ಹಳೆಯದನ್ನು ಕಿತ್ತೆ, ಹೊಸದರ ಅಂಚಿಗೆ ಎಣ್ಣೆ ಸವರಿ, ಓರೆಯಾಗದಂತೆ ಮೆಲ್ಲಗೆ ತಟ್ಟಿ ಕೂರಿಸಿದೆ. ಪುಲ್ಲಿಗಳ ಮೇಲೆ ಹೊಸ ಟೈಮಿಂಗ್ ಬೆಲ್ಟನ್ನೂ ಹಾಕಿದ್ದೇನೆ.

ಆದರೆ ಪುಲ್ಲಿಯ ಗುರುತುಗಳು ಸರಿಯಾಗಿ ಕೂಡಿವೆ ಎಂದು ಹೇಳುವ ಧೈರ್ಯ ನನಗಿಲ್ಲ. ಬೆಲ್ಟಿನ ಒಂದು ಹಲ್ಲು ತಪ್ಪಿದರೂ ಇಂಜಿನ್ ಹಾಳು ಎಂದವರು ನೀವೇ. ತಿಂಡಿ ತಿಂದು, ಮಾತ್ರೆ ನುಂಗಿ (ನೆಪ ಹೇಳಬೇಡಿ), ಉದ್ದ ಹಿಡಿಯ ಸ್ಪ್ಯಾನರಿನಿಂದ ಇಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ. ಬಲಗೈ ನಡುಗಿದರೆ ನಡುಗಲಿ, ಎಡಗೈ ಸಾಕು. ಬೇಕಾಗಿರುವುದು ಮೂವತ್ತು ವರ್ಷ ಗ್ಯಾರೇಜಿನಲ್ಲಿ ಪಳಗಿದ ನಿಮ್ಮ ಕಣ್ಣು. ಎಲ್ಲಾದರೂ ತಡೆದರೆ ಒತ್ತಾಯ ಮಾಡಬೇಡಿ. ಕೀಲಿಕೈ ನನ್ನ ಚೀಲದಲ್ಲಿದೆ, ನಾನು ಬರುವ ತನಕ ಸ್ಟಾರ್ಟ್ ಮಾಡುವಂತಿಲ್ಲ.

ಸೋರಿದ ಎಣ್ಣೆ ಒರೆಸಿದ್ದೇನೆ. ನಿಮ್ಮ ಹಳೆಯ ಬನಿಯನ್ ಅದಕ್ಕೇ ಹೋಯಿತು, ಬೈಯಬೇಡಿ.

ಮೂರಕ್ಕೆ ಬರುತ್ತೇನೆ. ನಾಲ್ಕಕ್ಕೆ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಬಾಡಿಗೆ ಕಾರು ತರಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅವರು ಏನೆಂದರು ಗೊತ್ತೇ?

"ಯಾಕೆ, ನಿನ್ನ ಮಾವ ಮನೇಲಿಲ್ವಾ?"

ನಿಮ್ಮ ಸೊಸೆ