ಆರಾಮ ಅದೀನಿ ಅಂದವರಿಗೆ

ಮೆಹಬೂಬ ಚಾಚಾ,

ತಿಕೋಟಾದ ನಮ್ಮ ಕೋಲ್ಡ್ ಸ್ಟೋರೇಜಿನ ಸರ್ವರ್ ಕೋಣೆಯ ಕೀಲಿಕೈ ಈಗ ನನ್ನ ಹತ್ತಿರ ಇದೆ. ಬಾಗಿಲು ತೆಗೆದ ಕೂಡಲೇ ನಿಮ್ಮ ಕುರ್ಚಿ ಕಾಣುತ್ತದೆ. ಅದರಲ್ಲಿ ಕೂಡಲು ಇನ್ನೂ ಮನಸ್ಸಾಗಿಲ್ಲ, ನಿಂತೇ ಕೆಲಸ ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯೇ? ರೈತರ ಒಣದ್ರಾಕ್ಷಿ ಬಾಕ್ಸುಗಳ ವಿವರವೆಲ್ಲ ಇರುವ ಡೇಟಾಬೇಸ್ ಸರ್ವರ್ ಸರಿಯಿದೆಯೇ ನೋಡು ಎಂದಿರಿ. ಹಸಿರು ದೀಪ ಉರಿಯುತ್ತಿತ್ತು, ಕಂಪ್ಯೂಟರಿನಿಂದ ಕರೆದರೆ ಓಗೊಡುತ್ತಿತ್ತು. ಸರಿಯಿದೆ ಎಂದೆ. ನೀವು ನಕ್ಕಿರಿ.

"ಬೇಟಾ, ಯಾರನ್ನ ಕೇಳಿದ್ರೂ ಆರಾಮ ಅದೀನಿ ಅಂತಾರ. ಒಂದು ಸಣ್ಣ ಕೆಲಸ ಹಚ್ಚಿ ನೋಡು."

ಅಂದಿನಿಂದ ದಿನಾ ಬೆಳಿಗ್ಗೆ ಸರ್ವರಿನಲ್ಲಿ ಸುಳ್ಳು ಹೆಸರಿನ ಒಂದು ಬಾಕ್ಸ್ ಬರೆಸುವುದು, ಅದನ್ನೇ ತಿರುಗಿ ಓದಿಸುವುದು, ಅಳಿಸುವುದು. ಆಮೇಲೆಯೇ ಚಹಾ.

ಮೊನ್ನೆ ಹಂಗಾಮಿನಲ್ಲಿ ಹೊರಗೆ ಟ್ರ್ಯಾಕ್ಟರುಗಳು ನಿಂತಿದ್ದವು. ದೀಪ ಹಸಿರಿದೆಯಲ್ಲ, ಮಾಲು ಒಳಗೆ ತಗೊಳ್ಳಿ ಎಂದು ಮಾಲಕರು ಅವಸರ ಮಾಡಿದರು. ನಾನು ನಿಮ್ಮ ಸಣ್ಣ ಕೆಲಸ ಹಚ್ಚಿದೆ. ಸರ್ವರ್ ಬರೆಯಲೇ ಇಲ್ಲ. ಡಿಸ್ಕ್ ತುಂಬಿ ಹೋಗಿತ್ತು. ಜಾಗ ಮಾಡಿ, ಮತ್ತೊಮ್ಮೆ ಬರೆಸಿ ಓದಿಸಿ, ಆಮೇಲೆ ಮೊದಲ ಗಾಡಿ ಒಳಗೆ ಬಿಟ್ಟೆ. ಎಲ್ಲರೂ ನನ್ನನ್ನೇ ಹೊಗಳಿದರು. ಆ ಮಾತು ಕೇಳಬೇಕಾದವರು ಮಾತ್ರ...

ಸಿಟ್ಟೂ ಇದೆ ಚಾಚಾ. ಇಷ್ಟೆಲ್ಲ ಕಲಿಸಿದ ನೀವೇ ಆ ಕೊನೆಯ ದಿನ ಎದೆ ಒತ್ತಿಕೊಂಡು ಕೂತು, ಕೇಳಿದವರಿಗೆಲ್ಲ ಆರಾಮ ಅದೀನಿ ಎಂದಿರಿ. ಯಂತ್ರದ ಮಾತನ್ನೂ ನಂಬದ ನೀವು, ನಿಮ್ಮ ಮಾತನ್ನು ನಾವು ನಂಬಲಿ ಎಂದು ಹೇಗೆ ಬಯಸಿದಿರಿ?

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನೀವು ಹೋದ ಮೇಲೆ ಸಾರವಾಡದ ನಿಮ್ಮ ಮನೆಗೆ ಹೋಗಿ ಚಾಚಿಯನ್ನು ಹೇಗಿದ್ದೀರಿ ಎಂದು ಕೇಳಿದೆ. ಅವರೂ ಆರಾಮ ಅದೀನಿ ಎಂದರು. ನಾನು ಏಳಲಿಲ್ಲ. ಒಂದು ಕಪ್ ಚಹಾ ಮಾಡಿಕೊಡಿ ಎಂದೆ. ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಖಾಲಿ ಸಕ್ಕರೆ ಡಬ್ಬಿ ಹಿಡಿದುಕೊಂಡು ನಿಂತಿದ್ದರು. ನೀವು ಹೋದಾಗಿನಿಂದ ಆ ಒಲೆಯ ಮೇಲೆ ಚಹಾ ಏರಿರಲೇ ಇಲ್ಲ.

"ಯಾರ ಸಲುವಾಗಿ ಮಾಡ್ಲಿ ಬೇಟಾ?" ಎಂದರು. ಇಬ್ಬರೂ ಅತ್ತೆವು.

ಈಗ ಪ್ರತಿ ರವಿವಾರ ಹೋಗಿ ಚಹಾ ಕೇಳುತ್ತೇನೆ. ನಿನ್ನೆ ನಾನು ಕೇಳುವ ಮೊದಲೇ, ಬಸ್ಸಿನ ಸದ್ದಿಗೇ ಒಲೆ ಹಚ್ಚಿದ್ದರು. ಸಕ್ಕರೆ ಮೊದಲಿನ ಹಾಗೆಯೇ ಜಾಸ್ತಿ. ಮುಂದಿನ ರವಿವಾರವೂ ಕೇಳುತ್ತೇನೆ.

ನಿಮ್ಮ
ಸುನಂದಾ